ಗೆರೆ ಎಳೆಯುವವರ ಕೈಯಲ್ಲಿ ಗೆಲುವು

ಮತ ಹಾಕಿದರೆ ನಮ್ಮ ಕೆಲಸ ಮುಗಿಯಿತು ಅಂತ ತಿಳಿದುಕೊಂಡಿದ್ದೇವೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ಬೇರೆಯೇ ಪಾಠ ಹೇಳುತ್ತದೆ. ಅಲ್ಲಿಂದ ಸಂಸತ್ತಿನ ಕೆಳಮನೆಗೆ 14 ಸ್ಥಾನ. 2022ರಲ್ಲಿ ಕೋರ್ಟ್ ಮಾಡಿಸಿದ ನಕ್ಷೆಯಂತೆ ಚುನಾವಣೆ ನಡೆದಾಗ ಎರಡೂ ಪಕ್ಷಕ್ಕೆ ಏಳೇಳು. 2023ರಲ್ಲಿ ರಿಪಬ್ಲಿಕನ್ ಬಹುಮತದ ಶಾಸನಸಭೆ ಗಡಿಗಳನ್ನು ಹೊಸದಾಗಿ ಎಳೆಯಿತು. 2024ರಲ್ಲಿ ರಿಪಬ್ಲಿಕನ್ನರಿಗೆ 10, ಡೆಮಾಕ್ರಟರಿಗೆ 4. ಅದೇ ದಿನ ಅದೇ ಮತದಾರರು ಗವರ್ನರ್ ಆಗಿ ಆರಿಸಿದ್ದು ಡೆಮಾಕ್ರಟ್ ಜೋಶ್ ಸ್ಟೈನ್ ಅವರನ್ನು! ಇಡೀ ರಾಜ್ಯದ ಚುನಾವಣೆಗೆ ಒಳಗೆರೆ ಇಲ್ಲವಲ್ಲ.

ನಮ್ಮಲ್ಲಿ ಈ ಕೆಲಸ ಆಯೋಗದ್ದು. ಆದರೂ 2008ರಲ್ಲಿ ವಿಟ್ಲ ಕ್ಷೇತ್ರವೇ ಇಲ್ಲವಾದದ್ದು ಹಿರಿಯರಿಗೆ ನೆನಪಿದೆ. ಪುನರ್ವಿಂಗಡಣೆಯ ಕರಡು ಬಂದಾಗ ಆಕ್ಷೇಪಣೆಗೆ ಸಮಯ ಕೊಡುತ್ತಾರೆ. ಆಗಲೇ ಊರವರು ಕೂತು ಓದಿ, ತಪ್ಪಿದ್ದರೆ ಬರೆದು ಕೊಡಬೇಕು. ಆಮೇಲೆ ಗೊಣಗಿ ಏನು ಫಲ?