ಸೂಜಿ ಹಿಡಿಯದ ಕೈಗೆ ಡಿಪ್ಲೊಮಾ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ನಮ್ಮ ಊರುಗಳ ಬಸ್ ನಿಲ್ದಾಣ, ವಿದ್ಯುತ್ ಕಂಬ, ಗೂಡಂಗಡಿಗಳ ಮೇಲೆಲ್ಲ ಅರೆವೈದ್ಯಕೀಯ ಕೋರ್ಸ್‌ಗಳ ಪೋಸ್ಟರ್‌ಗಳು ಬಂದು ಕೂರುತ್ತವೆ. ನೂರಕ್ಕೆ ನೂರು ಉದ್ಯೋಗ ಭರವಸೆ, ಹುಡುಗಿಯರಿಗೆ ಪ್ರತ್ಯೇಕ ಹಾಸ್ಟೆಲ್. ಮಗ ಬೇಗ ದುಡಿಯಬೇಕು, ಮಗಳಿಗೆ ಊರಿನ ಹತ್ತಿರವೇ ಮರ್ಯಾದೆಯ ಕೆಲಸ ಸಿಗಬೇಕು ಎನ್ನುವ ಮನೆಗಳು ಲ್ಯಾಬ್ ಟೆಕ್ನೀಷಿಯನ್ ಕೋರ್ಸನ್ನು ಆರಿಸಿಕೊಳ್ಳುತ್ತವೆ. ಅದರಲ್ಲಿ ತಪ್ಪೇನಿಲ್ಲ. ನಮ್ಮ ತಕರಾರು ಬೇರೆ. ಪೋಸ್ಟರ್‌ನಲ್ಲಿ ಕಟ್ಟಡವಿದೆ, ಬಸ್ಸಿದೆ, ಬಿಳಿ ಕೋಟು ತೊಟ್ಟ ನಗುಮೊಗವೂ ಇದೆ. ಆಸ್ಪತ್ರೆ ಎಲ್ಲಿದೆ?

ಈ ಪ್ರಶ್ನೆ ಕೇಳಿದರೆ ಸಿದ್ಧ ಉತ್ತರವೊಂದು ಬರುತ್ತದೆ: 'ಈಗ ಎಲ್ಲವನ್ನೂ ಮೆಷಿನ್ನೇ ಮಾಡುತ್ತದೆ. ಗುಂಡಿ ಒತ್ತಿದರಾಯಿತು.' ಇಷ್ಟು ಅಪಾಯಕಾರಿ ಮಾತು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಯಂತ್ರ ತನಗೆ ಕೊಟ್ಟದ್ದನ್ನು ಅಳೆಯುತ್ತದೆ, ಅಷ್ಟೇ. ಆ ರಕ್ತ ಯಾರದು, ಹೇಗೆ ತೆಗೆದದ್ದು ಎಂಬುದು ಅದಕ್ಕೆ ಗೊತ್ತಿಲ್ಲ. ಪ್ರಯೋಗಾಲಯದ ತಪ್ಪುಗಳಲ್ಲಿ ಹೆಚ್ಚಿನವು ಮಾದರಿ ಯಂತ್ರದೊಳಗೆ ಹೋಗುವ ಮೊದಲೇ ಆಗಿರುತ್ತವೆ.

ಒಂದು ಉದಾಹರಣೆ. ರಕ್ತಕಣಗಳ ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಇ.ಡಿ.ಟಿ.ಎ.ಯ ಪೊಟ್ಯಾಸಿಯಂ ಲವಣ ಹಾಕಿರುತ್ತಾರೆ. ಇನ್ನೊಂದು ನಳಿಕೆಗೆ ರಕ್ತ ಸಾಲದಾಯಿತೆಂದು ಇದರಿಂದ ಸ್ವಲ್ಪ ಸುರಿದರೆ ಪೊಟ್ಯಾಸಿಯಂ ವಿಪರೀತ ಏರುತ್ತದೆ, ಕ್ಯಾಲ್ಸಿಯಂ ಕುಸಿಯುತ್ತದೆ. ವರದಿ ನೋಡಿದ ವೈದ್ಯರು ರೋಗಿಯ ಹೃದಯ ನಿಲ್ಲಬಹುದೆಂದು ಗಾಬರಿಯಾಗಬೇಕು. ರೋಗಿಗೆ ಮಾತ್ರ ಏನೂ ಆಗಿರುವುದಿಲ್ಲ. ಹೆಪ್ಪುಗಟ್ಟುವ ಸಮಯ ನೋಡುವ ನೀಲಿ ಮುಚ್ಚಳದ ನಳಿಕೆಯಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು. ಅರ್ಧ ತುಂಬಿಸಿ ಕಳಿಸಿದರೆ ಸಮಯ ಸುಳ್ಳಾಗಿ ಉದ್ದವಾಗುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರ ಔಷಧಿ ಪ್ರಮಾಣವನ್ನು ಆ ಸಂಖ್ಯೆ ನೋಡಿಯೇ ಇಳಿಸುತ್ತಾರೆ. ಇನ್ನು ರಕ್ತದ ಗುಂಪು ನೋಡುವ ನಳಿಕೆಗೆ ಪಕ್ಕದ ಹಾಸಿಗೆಯವರ ಹೆಸರು ಅಂಟಿಸಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಮಲೇರಿಯಾವನ್ನೇ ನೋಡಿ. ಮಂಗಳೂರಿನವರಿಗೆ ಈ ಕಾಯಿಲೆಯ ಪರಿಚಯ ಬೇಕಿಲ್ಲ. ಸ್ಲೈಡ್ ಮೇಲೆ ದಪ್ಪ ಲೇಪ, ತೆಳು ಲೇಪ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ತಾಳ್ಮೆಯಿಂದ ಹುಡುಕಬೇಕು. ವೈವಾಕ್ಸ್ ಆದರೆ ಕ್ಲೋರೋಕ್ವಿನ್ ಜತೆಗೆ 14 ದಿನಗಳ ಪ್ರೈಮಾಕ್ವಿನ್. ಫಾಲ್ಸಿಪಾರಮ್ ಆದರೆ ಚಿಕಿತ್ಸೆಯೇ ಬೇರೆ, ತಡವಾದರೆ ಜೀವಕ್ಕೇ ಸಂಚಕಾರ. ಈ ಎರಡರ ಅಂತರ ಪುಸ್ತಕದ ಚಿತ್ರ ನೋಡಿ ಕಣ್ಣಿಗೆ ಹತ್ತುವುದಿಲ್ಲ. ನೂರಾರು ಸ್ಲೈಡ್ ನೋಡಬೇಕು, ಪಕ್ಕದಲ್ಲಿ ತಿದ್ದುವವರೊಬ್ಬರು ಇರಬೇಕು.

ಹಾಗೆ ಕಲಿಸುವ ಸಂಸ್ಥೆಗಳು ಇಲ್ಲವೆಂದಲ್ಲ. ಆದರೆ ಕಲಿತು ಹೊರಬಂದ ಮಕ್ಕಳನ್ನು ವಿಚಾರಿಸಿ ನೋಡಿ. ಕೆಲವೆಡೆ ಇಡೀ ತರಗತಿಗೆ ಒಂದೆರಡು ಸೂಕ್ಷ್ಮದರ್ಶಕ. ಒಪ್ಪಂದದ ಆಸ್ಪತ್ರೆ ಕಾಗದದಲ್ಲಿ ಮಾತ್ರ. ಪ್ರಾಯೋಗಿಕ ಪುಸ್ತಕವನ್ನು ಹಿಂದಿನ ವರ್ಷದವರದ್ದು ನೋಡಿ ಬರೆದದ್ದು. ಇಂಟರ್ನ್‌ಶಿಪ್ ಎಂದು ಕಳಿಸಿದಲ್ಲಿ ನಳಿಕೆ ತೊಳೆಯುವುದು, ವರದಿ ಟೈಪ್ ಮಾಡುವುದು, ರಜೆ ಹಾಕಿದ ನೌಕರನ ಜಾಗದಲ್ಲಿ ಸಂಬಳವಿಲ್ಲದೆ ದುಡಿಯುವುದು. ಇದಕ್ಕೆ ತರಬೇತಿ ಎಂದು ಹೆಸರು! ಶುಲ್ಕ ವಿದ್ಯಾರ್ಥಿಯದ್ದು, ದುಡಿಮೆಯೂ ವಿದ್ಯಾರ್ಥಿಯದ್ದೇ.

ಕಾನೂನು ಏನು ಮಾಡುತ್ತಿದೆ? ವರದಿಗೆ ಸಹಿ ಹಾಕಬೇಕಾದವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಸರಿಯಾದ ಮಾತೇ. ಆದರೆ ಆ ವೈದ್ಯರ ಮುಂದೆ ಬರುವ ಸಂಖ್ಯೆಯನ್ನು ಹುಟ್ಟಿಸುವ ಕೈಗಳಿಗೆ ರಾಷ್ಟ್ರಮಟ್ಟದ ಕಾಯಿದೆಯೊಂದು ಬರಲು 2021ರವರೆಗೆ ಕಾಯಬೇಕಾಯಿತು. ದಾದಿಯರಿಗೆ 1947ರಲ್ಲಿ, ಔಷಧ ವಿತರಕರಿಗೆ 1948ರಲ್ಲಿ ಕಾಯಿದೆ ಬಂದಿತ್ತು. ರಕ್ತ ಪರೀಕ್ಷಿಸುವವರು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. 2020ರ ಕೊರೋನಾ ಕಾಲದಲ್ಲಿ ಕವಚ ತೊಟ್ಟು ಜನರ ಗಂಟಲ ದ್ರವ ತೆಗೆದವರಲ್ಲಿ, ಹಗಲು ರಾತ್ರಿ ಅದನ್ನು ಪರೀಕ್ಷಿಸಿದವರಲ್ಲಿ ಇವರೂ ಇದ್ದರು. ಚಪ್ಪಾಳೆ ತಟ್ಟಿದ್ದಾಯಿತು, ಗುತ್ತಿಗೆಯ ನೌಕರಿ ಗುತ್ತಿಗೆಯಾಗಿಯೇ ಉಳಿಯಿತು.

ಕೊಲ್ಲಿಗೆ ಹೋಗಬಹುದೆಂಬ ಲೆಕ್ಕದಲ್ಲಿ ಸೇರುವವರಿಗೂ ಒಂದು ಮಾತು. ಅಲ್ಲಿ ಪರವಾನಗಿ ಕೊಡುವ ಮೊದಲು ಪ್ರಮಾಣಪತ್ರವನ್ನು ಅದನ್ನು ನೀಡಿದ ಸಂಸ್ಥೆಗೇ ಕಳಿಸಿ ತಾಳೆ ನೋಡುತ್ತಾರೆ, ಕೆಲಸದ ಅನುಭವ ಕೇಳುತ್ತಾರೆ, ಪರೀಕ್ಷೆ ಇಡುತ್ತಾರೆ. ಗೋಡೆಗೆ ತೂಗುಹಾಕಲು ಸಾಕಾದ ಕಾಗದ ಅಲ್ಲಿ ಸಾಲುವುದಿಲ್ಲ.

ನಮ್ಮ ಜಮಾಅತ್‌ಗಳೂ ದತ್ತಿ ಸಂಸ್ಥೆಗಳೂ ಬಡ ಮಕ್ಕಳ ಶುಲ್ಕ ಭರಿಸುತ್ತಿರುವುದು ಸಂತೋಷದ ವಿಷಯ. ಆದರೆ ಚೆಕ್ ಹಸ್ತಾಂತರಿಸಿ ಫೋಟೋ ತೆಗೆಸಿಕೊಂಡ ಮೇಲೆ ಆ ಕಾಲೇಜಿನ ಪ್ರಯೋಗಾಲಯಕ್ಕೆ ಒಮ್ಮೆಯಾದರೂ ಕಾಲಿಟ್ಟ ಪದಾಧಿಕಾರಿಗಳು ಎಷ್ಟು ಮಂದಿ? ಒಬ್ಬ ಹಿರಿಯ ಟೆಕ್ನೀಷಿಯನ್‌ರನ್ನು ಜತೆಗೆ ಕರೆದೊಯ್ದರೆ ಅರ್ಧ ಗಂಟೆಯಲ್ಲಿ ಸತ್ಯ ಗೊತ್ತಾಗುತ್ತದೆ.

ಹೆತ್ತವರು ಶುಲ್ಕದ ಕಂತು ಕೇಳುವ ಮೊದಲು ಇಷ್ಟನ್ನು ಕೇಳಲಿ: ಮಾನ್ಯತೆ ಯಾರದ್ದು, ಅರೆವೈದ್ಯಕೀಯ ಮಂಡಳಿಯದ್ದೋ, ವಿಶ್ವವಿದ್ಯಾಲಯದ್ದೋ? ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ದಿನಕ್ಕೆ ಎಷ್ಟು ಮಾದರಿ ಬರುತ್ತವೆ? ನಮ್ಮ ಮಗು ಮೊದಲ ಸಲ ರಕ್ತ ತೆಗೆಯುವಾಗ ಪಕ್ಕದಲ್ಲಿ ನಿಲ್ಲುವವರು ಯಾರು? ಉತ್ತರವಾಗಿ ಬಣ್ಣದ ಕೈಪಿಡಿಯೊಂದನ್ನು ಮುಂದೆ ತಳ್ಳಿದರೆ, ಹಣ ಜೇಬಿನಲ್ಲಿರುವಾಗಲೇ ಎದ್ದು ಬರಲಿ.