ಹೊಗಳಿಕೆ ಸಾಲದು, ಲೆಕ್ಕ ಬೇಕು

ವೀರರನ್ನು ಹೊಗಳುವುದು ಸುಲಭ. ಅದಕ್ಕೆ ಬೊಕ್ಕಸದಿಂದ ಕಾಸು ಖರ್ಚಾಗುವುದಿಲ್ಲ. ಅವರಿಗೆ ಬೆಚ್ಚನೆಯ ಅಂಗಿಯನ್ನೂ ಒಳ್ಳೆಯ ಬಂದೂಕನ್ನೂ ಕೊಡುವುದು ಕಷ್ಟ. ರೆಜಾಂಗ್ ಲಾ ಕದನ ನಮಗೆ ಕಲಿಸುವ ಪಾಠ ಇದೇ.

1962ರ ನವೆಂಬರ್ 18ರ ನಸುಕಿನಲ್ಲಿ, ಲಡಾಖಿನ ಚುಶೂಲ್ ಬಳಿ, ಸುಮಾರು 16,000 ಅಡಿ ಎತ್ತರದ ಆ ಕಣಿವೆಯನ್ನು ಕಾಯುತ್ತಿದ್ದವರು 13ನೇ ಕುಮಾವೂ ದಳದ ಒಂದು ಕಂಪನಿಯ ಸುಮಾರು 120 ಜನ. ಬಹುಪಾಲು ಇಂದಿನ ಹರಿಯಾಣದ ಬಯಲುಸೀಮೆಯ ರೈತರ ಮಕ್ಕಳು. ಮೈಮೇಲೆ ಆ ಚಳಿಗೆ ಸಾಲದ ಬಟ್ಟೆ, ಕೈಯಲ್ಲಿ ಹಳೆಯ ತ್ರೀ-ನಾಟ್-ತ್ರೀ ಬಂದೂಕು. ನಡುವೆ ಗುಡ್ಡ ಅಡ್ಡವಿದ್ದುದರಿಂದ ನಮ್ಮ ಫಿರಂಗಿಗಳ ನೆರವೂ ಇಲ್ಲ.

ಅವರ ನಾಯಕ ಜೋಧಪುರ ಸೀಮೆಯ ಮೇಜರ್ ಶೈತಾನ್ ಸಿಂಗ್. ಗುಂಡಿನ ಮಳೆಯಲ್ಲಿ ಒಂದು ನೆಲೆಯಿಂದ ಮತ್ತೊಂದಕ್ಕೆ ಹೋಗಿ ಜವಾನರಿಗೆ ಧೈರ್ಯ ತುಂಬುತ್ತಿದ್ದ ಆತನಿಗೆ ಮೊದಲು ತೋಳಿಗೆ ಪೆಟ್ಟು ಬಿತ್ತು, ಹಿಂದೆ ಸರಿಯಲಿಲ್ಲ. ಆಮೇಲೆ ಹೊಟ್ಟೆಗೆ ಗುಂಡು ತಗುಲಿತು. ಜವಾನರು ಆತನನ್ನು ಹೊತ್ತು ಸಾಗಿಸಲು ನೋಡಿದರು. ತನ್ನಿಂದ ಅವರ ಪ್ರಾಣಕ್ಕೂ ಸಂಚಕಾರವೆಂದು ಕಂಡು, ತನ್ನನ್ನು ಅಲ್ಲೇ ಬಿಟ್ಟು ಹೋಗುವಂತೆ ಆತ ಅಪ್ಪಣೆ ಮಾಡಿದ. ಬಂಡೆಯ ಮರೆಯಲ್ಲಿ ಕೂರಿಸಿ ಅವರು ಹೊರಟರು.

ಅಂದು ಮಡಿದವರು 110ಕ್ಕೂ ಹೆಚ್ಚು. ಬದುಕಿ ಬಂದ ಕೆಲವರು ನಡೆದುದನ್ನು ಹೇಳಿದಾಗ ಪೂರ್ತಿ ನಂಬಿದವರು ವಿರಳ. 1963ರ ಆರಂಭದಲ್ಲಿ ಹಿಮದಲ್ಲಿ ಹೆಪ್ಪುಗಟ್ಟಿದ ದೇಹಗಳು ಸಿಕ್ಕಿದವು. ಹಲವರ ಕೈಯಲ್ಲಿ ಆಯುಧ ಹಾಗೆಯೇ ಇತ್ತು. ಶುಶ್ರೂಷೆಯ ಜವಾನನ ಕೈಯಲ್ಲಿ ಚುಚ್ಚುಮದ್ದಿನ ಸಿರಿಂಜು. ಮೇಜರ್ ಅದೇ ಬಂಡೆಯ ಬಳಿ. ಆಗ ಎಲ್ಲರೂ ನಂಬಿದರು. ಮೇಜರನಿಗೆ ಮರಣೋತ್ತರ ಪರಮವೀರ ಚಕ್ರ ಬಂತು.

ಬಡವನ ಮಾತಿಗೆ ಹೆಣವೇ ಬಂದು ಸಾಕ್ಷಿ ಹೇಳಬೇಕೆ? ಗಿರಣಿಯ ಬಂಧುಗಳಿಗೆ ಇದು ಹೊಸ ಸಂಗತಿಯಲ್ಲ. ಯಂತ್ರಕ್ಕೆ ಕಾಪು ಇಲ್ಲವೆಂದು ಕಾರ್ಮಿಕ ಹತ್ತು ಸಲ ಹೇಳಿದರೂ ಕೇಳುವವರಿಲ್ಲ. ಕೈ ಹೋದ ದಿನ ಎಲ್ಲರೂ ಓಡಿ ಬರುತ್ತಾರೆ.

ಆ ಯುದ್ಧದ ಸೋಲನ್ನು ಕುರಿತು ಸೈನ್ಯವೇ ವಿಚಾರಣೆ ನಡೆಸಿತು. ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿ 1963ರಲ್ಲೇ ಸಿದ್ಧವಾಯಿತು. ಪಕ್ಷಗಳು ಬದಲಾದವು, ಪ್ರಧಾನಿಗಳು ಬದಲಾದರು; ಯಾವ ಸರಕಾರವೂ ಅದನ್ನು ಜನರ ಮುಂದಿಡಲಿಲ್ಲ. ಅಂಗಡಿಯ ಗಲ್ಲೆಯ ಮೇಲೆ ಕೂತವನಿಗೆ ಗೊತ್ತು: ಜಮೆಯನ್ನು ಮಾತ್ರ ತೋರಿಸಿ ಖರ್ಚಿನ ಪುಟ ಮುಚ್ಚಿಡುವವನ ಲೆಕ್ಕ ಲೆಕ್ಕವಲ್ಲ. ಚಕ್ರ, ಪದಕ, ಸ್ಮಾರಕ ಜಮೆಯ ಕಡೆ. ಚಳಿಗೆ ಸಾಲದ ಆ ಬಟ್ಟೆ ಯಾವ ಪುಟದಲ್ಲಿದೆ?

ಮಕ್ಕಳಿಗೆ ಶೌರ್ಯದ ಪಾಠ ಹೇಳಿದವರು ನಾವೂ ಹೌದು. ಆ ಪಾಠ ಹೇಳಬೇಕು. ಆದರೆ ಗಾಯಗೊಂಡವನು ತನ್ನ ಜವಾನರನ್ನು ಉಳಿಸಲು ತಾನೇ ಹಿಂದೆ ಉಳಿದ ಎಂದು ಹೇಳುವಾಗ, ಅವರನ್ನು ಆ ಸ್ಥಿತಿಯಲ್ಲಿ ಅಲ್ಲಿಗೆ ಕಳಿಸಿದವರು ಯಾರೆಂದೂ ಮಗು ಕೇಳಲಿ. ಹಾಗೆ ಕೇಳುವುದು ದೇಶದ್ರೋಹವಲ್ಲ. ಮಡಿದವರಿಗೆ ನಾವು ಸಲ್ಲಿಸಬೇಕಾದ ಋಣ.