ನಾರದನ ಊರಿನ ನಾಲ್ಕು ಮಾತು

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ದೇವರು ನಾರದಮುನಿ. ಹನುಮಪ್ಪ, ಈಶ್ವರ, ಊರಮ್ಮ ಇವರ ಗುಡಿಗಳು ಊರೂರಿಗೂ ಇವೆ. ನಾರದನಿಗೆ ಗುಡಿ, ತೇರು ಅಂದರೆ ಅಪರೂಪವೇ ಸರಿ.

ನಾವೋ, ಆತನ ಹೆಸರು ಹಿಡಿಯುವುದು ಬೈಯುವುದಕ್ಕೆ ಮಾತ್ರ! "ಅವಳೊಬ್ಬಳು ನಾರದ ಕಣ್ರೀ, ಇಲ್ಲಿಂದಲ್ಲಿಗೆ ಹಚ್ಚಿ ಬರ್ತಾಳೆ" ಅಂತೇವೆ. ಕಂಪನಿ ನಾಟಕಗಳಲ್ಲಿ ತಂಬೂರಿ ಹಿಡಿದು ಬಂದು ಜಗಳ ಹಚ್ಚಿ ಹೋಗುವ ನಾರದನೇ ನಮ್ಮ ಕಣ್ಣಲ್ಲಿ ಉಳಿದಿದ್ದಾನೆ. ಆದರೆ ಭಾಗವತದ ನಾರದನನ್ನು ನೋಡಿ. ಹಿರಣ್ಯಕಶಿಪು ತಪಸ್ಸಿಗೆ ಹೋಗಿದ್ದಾಗ ಇಂದ್ರ ಅವನ ಬಸುರಿ ಹೆಂಡತಿ ಕಯಾಧುವನ್ನು ಎಳೆದೊಯ್ಯುತ್ತಾನೆ. ದಾರಿಯಲ್ಲಿ ತಡೆದು ಬಿಡಿಸಿದವನು ನಾರದ. ಗಂಡ ಹಿಂತಿರುಗುವವರೆಗೂ ಆಕೆಯನ್ನು ತನ್ನ ಆಶ್ರಮದಲ್ಲಿ ಇರಿಸಿಕೊಂಡ. ಒಳ್ಳೆಯ ಮಾತು ಹೇಳಿದ. ಹೊಟ್ಟೆಯೊಳಗಿನ ಕೂಸು ಅದನ್ನು ಕೇಳಿಸಿಕೊಂಡಿತು. ಆ ಕೂಸೇ ಪ್ರಹ್ಲಾದ. ವಾಲ್ಮೀಕಿಗೆ ರಾಮನ ಕಥೆ ಹೇಳಿದವನೂ ನಾರದನೇ. ಮಾತು ಹೊತ್ತು ತಿರುಗುವುದು ಪಾಪವಲ್ಲ. ಯಾವ ಮಾತು, ಯಾರ ಒಳಿತಿಗೆ ಅನ್ನುವುದೇ ಪ್ರಶ್ನೆ.

★

ಗಂಡನ ಮನೆಯ ಹೊಡೆತ ತಾಳಲಾರದೆ ತವರಿಗೆ ಬಂದ ಹೆಣ್ಣುಮಗಳು ನಿಮ್ಮ ಓಣಿಯಲ್ಲೂ ಇರಬಹುದು. ಮೊದಲ ವಾರ ಎಲ್ಲರೂ "ಅಯ್ಯೋ ಪಾಪ" ಅನ್ನುತ್ತಾರೆ. ಎರಡನೇ ವಾರ "ಯಾವಾಗ ಹೋಗ್ತೀಯವ್ವಾ?" ಮೂರನೇ ವಾರ, "ಇವಳದೂ ಏನೋ ತಪ್ಪಿರಬೇಕು ಬಿಡ್ರೀ." ಅವಳು ನೀರಿಗೆ ಬಂದರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತದೆ. ಆ ಮೌನ ಹೊಡೆತಕ್ಕಿಂತ ಜೋರು. ಕೊನೆಗೆ ಓಣಿಯ ಬಾಯಿಗೆ ಹೆದರಿ ಹೆತ್ತವರೇ ಅವಳನ್ನು ಅದೇ ಮನೆಗೆ ಬಿಟ್ಟುಬರುತ್ತಾರೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇಂಥವಳಿಗೆ ರಕ್ಷಣೆಯನ್ನೂ ವಾಸದ ಹಕ್ಕನ್ನೂ ಕೊಟ್ಟಿದೆ. ಈ ಸುದ್ದಿಯನ್ನು ಅವಳ ಕಿವಿಗೆ ಮುಟ್ಟಿಸುವ ನಾರದರು ನಾವೇಕೆ ಆಗಬಾರದು?

★

ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ನೋಡಿದ್ದೀರಾ? ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ ನಿಂತು "ಸದ್ದಲೇ" ಅನ್ನುತ್ತಾನೆ. ಅಷ್ಟು ದೊಡ್ಡ ಜಾತ್ರೆ ತಟ್ಟನೆ ಸ್ತಬ್ಧ! ಆತ ನುಡಿಯುವುದು ಒಂದೇ ಒಂದು ಮಾತು. ಆಮೇಲೆ ಮಳೆ, ಬೆಳೆ, ರಾಜಕೀಯ ಅಂತ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚಿಕೊಂಡು ಮನೆಗೆ ಹೋಗುತ್ತಾರೆ. ಮನುಷ್ಯನ ಸ್ವಭಾವವೇ ಹಾಗೆ. ಕೇಳಿದ್ದು ಒಂದು ಮಾತಾದರೆ ನಾವು ಸೇರಿಸುವುದು ಹತ್ತು. ಇನ್ನೊಬ್ಬರ ಮನೆಯ ವಿಷಯ ಕಿವಿಗೆ ಬಿದ್ದಾಗಲೂ ನಮ್ಮೊಳಗೆ ಯಾರಾದರೂ "ಸದ್ದಲೇ" ಅಂದರೆ ಎಷ್ಟು ಚೆನ್ನ!

★

ಹರಪನಹಳ್ಳಿಯ ಭೀಮವ್ವ ಹುಟ್ಟಿದ್ದು 1823ರಲ್ಲಿ, ನಾರಾಯಣದೇವರಕೆರೆಯಲ್ಲಿ. ಹರೆಯ ದಾಟುತ್ತಲೇ ವೈಧವ್ಯ ಬಂತು. ವಿಧವೆ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದ ಕಾಲ ಅದು. ಆಕೆ ಜನರ ಮಾತಿಗೆ ಮಾತು ಕೊಡುತ್ತಾ ಕೂರಲಿಲ್ಲ. ಭೀಮೇಶಕೃಷ್ಣನ ಅಂಕಿತದಲ್ಲಿ ಹಾಡು ಕಟ್ಟಿದರು. ನಳಚರಿತ್ರೆ, ಮುಯ್ಯದ ಹಾಡು ಎಲ್ಲ ಹೆಂಗಸರ ಬಾಯಿಂದ ಬಾಯಿಗೆ ಹರಿದವು. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆ ನೀರಿನಲ್ಲಿ ಮುಳುಗಿತು. ಊರು ಹೋಯಿತು, ಹಾಡು ಉಳಿಯಿತು ನೋಡಿ.

ಮುಳುಗಿದ ಆ ಊರಿನ ಜನ ಹೋಗಿ ನೆಲೆಸಿದ ಮರಿಯಮ್ಮನಹಳ್ಳಿಯಲ್ಲೇ ಮಂಜಮ್ಮ ಜೋಗತಿ ಕಲಾವಿದೆಯಾಗಿ ಬೆಳೆದದ್ದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಹೊರಟಾಗ ಅವರು ಕೇಳದ ಮಾತಿಲ್ಲ. ಕಾಳವ್ವ ಜೋಗತಿಯವರಲ್ಲಿ ಕುಣಿತ ಕಲಿತರು. ತಲೆಯ ಮೇಲಿನ ಕೊಡ ಕೈ ಹಿಡಿಯದೆ ನಿಲ್ಲಬೇಕು, ಕಾಲು ಕುಣಿಯುತ್ತಿರಬೇಕು! 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಹರಸಿದರು. ಬೈಗುಳ ಉಂಡವರ ಕೈಯಿಂದ ಹರಕೆ!

★

ಕೆಟ್ಟ ಮಾತು ಆಡುವುದಕ್ಕೂ ಒಳ್ಳೆಯ ಮಾತು ಆಡುವುದಕ್ಕೂ ಖರ್ಚಾಗುವ ಉಸಿರು ಒಂದೇ. ನಾಳೆ ನಲ್ಲಿಯ ಹತ್ತಿರ ಆ ಹುಡುಗಿ ಕೊಡ ಹಿಡಿದು ಬಂದರೆ "ಬಾರವ್ವಾ, ನೀನೇ ಮೊದಲು ಹಿಡ್ಕೋ" ಅನ್ನಿ, ಸಾಕು.